ದೋಣಿ ಹತ್ತುವ ಮುಂಚೆ ಜಾಕೆಟ್ ಎಳೆದು ನೋಡಿ

ರಜೆ ದಿನ ದೋಣಿ ಹತ್ತೋಕೆ ಬಂದವರಿಗೆ ಸುರಕ್ಷತೆಯ ಭಾಷಣ ಕೇಳುವ ಪುರುಸೊತ್ತು ಇರುವುದಿಲ್ಲ. ಕರಪತ್ರ ಕೊಟ್ಟರೆ ಒದ್ದೆ ಸೀಟಿನ ಮೇಲೆ ಹಾಸಿಕೊಂಡು ಕೂರುತ್ತಾರೆ. ಹಾಗಾಗಿ ದಡದಲ್ಲಿ ನಿಂತು ಇವರ ಸುರಕ್ಷತೆ ನೋಡಿಕೊಳ್ಳುವ ಹೊಸ ಸ್ವಯಂಸೇವಕರಿಗೆ ನಾನು ಹೇಳುವುದು ಇಷ್ಟೇ: ಮಾತು ಕಮ್ಮಿ ಇರಲಿ, ಮಾಡಿಸುವುದು ಜಾಸ್ತಿ ಇರಲಿ.

"ಲೈಫ್ ಜಾಕೆಟ್ ಇದೆಯಾ?" ಅಂತ ಕೇಳಬೇಡಿ. ಇದೆ ಅಂತಲೇ ಹೇಳುತ್ತಾರೆ. ಅದು ಸೀಟಿನ ಕೆಳಗೆ, ಬ್ಯಾಗುಗಳ ಅಡಿಯಲ್ಲಿ ಇರುತ್ತದೆ! "ಒಂದ್ಸಲ ಹಾಕ್ಕೊಳ್ಳಿ, ಸರಿಯಾಗಿ ಕೂರುತ್ತಾ ನೋಡೋಣ" ಅನ್ನಿ. ಜಿಪ್, ಬಕಲ್ ಹಾಕಿಸಿ, ಪಟ್ಟಿ ಬಿಗಿ ಮಾಡಿಸಿ. ಆಮೇಲೆ ಅವರನ್ನು ಕೇಳಿಯೇ, ಎರಡೂ ಭುಜದ ಹತ್ತಿರ ಜಾಕೆಟ್ ಹಿಡಿದು ಮೇಲಕ್ಕೆ ಎಳೆಯಿರಿ. ಅದು ಗದ್ದ ದಾಟಿ ಕಿವಿ ಮುಟ್ಟಿದರೆ ಪಟ್ಟಿ ಸಡಿಲ ಇದೆ, ಇಲ್ಲವೇ ಅಳತೆ ದೊಡ್ಡದು. ನೀರಿಗೆ ಬಿದ್ದಾಗಲೂ ಹೀಗೇ ಮೇಲೇರಿ ಮುಖಕ್ಕೆ ಅಡ್ಡ ಬರುತ್ತದೆ. ಇದನ್ನು ಬಾಯಲ್ಲಿ ಹೇಳಬೇಕಾಗಿಲ್ಲ, ಎಳೆದ ಕೂಡಲೇ ಅವರಿಗೇ ಗೊತ್ತಾಗುತ್ತದೆ.

ಮಕ್ಕಳದ್ದಾದರೆ ಎಷ್ಟು ತೂಕದ ಮಗುವಿಗೆ ಅಂತ ಒಳಗಿನ ಲೇಬಲ್ಲಿನಲ್ಲಿ ಓದಿ. "ಬೆಳೀತಾನಲ್ಲ, ದೊಡ್ಡದೇ ಇರಲಿ" ಅನ್ನುವ ಲೆಕ್ಕ ಬಟ್ಟೆಗೆ ಸರಿ, ಇದಕ್ಕಲ್ಲ. ಎರಡು ಕಾಲುಗಳ ನಡುವೆ ಹಾಯುವ ಪಟ್ಟಿ ಇದ್ದರೆ ಅದನ್ನೂ ಹಾಕಿಸಿ.

"ನಂಗೆ ಈಜು ಬರುತ್ತೆ" ಅನ್ನುವವರು ಸಿಕ್ಕೇ ಸಿಗುತ್ತಾರೆ. ವಾದಕ್ಕೆ ಇಳಿಯಬೇಡಿ. ತಣ್ಣೀರಿಗೆ ತಟ್ಟನೆ ಬಿದ್ದರೆ ಮೊದಲು ಏದುಸಿರು ಬರುತ್ತದೆ, ಆ ಒಂದು ನಿಮಿಷ ಈಜುಗಾರನಿಗೂ ಉಸಿರು ಹಿಡಿತಕ್ಕೆ ಸಿಗುವುದಿಲ್ಲ ಅಂತ ಹೇಳಿ, ಸಾಕು. ನೀರು ತುಂಬಾ ತಣ್ಣಗಿದ್ದರೆ ಸುಮಾರು 10 ನಿಮಿಷದಲ್ಲಿ ಕೈಕಾಲು ಸೋಲುತ್ತವೆ.

ಎಂಜಿನ್ ದೋಣಿ ಓಡಿಸುವವರಿಗೆ ಕಿಲ್ ಸ್ವಿಚ್ಚಿನ (ಓಡಿಸುವವರು ಬಿದ್ದರೆ ಎಂಜಿನ್ ನಿಲ್ಲಿಸುವ ಸ್ವಿಚ್ಚು) ಹಗ್ಗ ಕೈಗೋ ಜಾಕೆಟ್ಟಿಗೋ ಸಿಕ್ಕಿಸಲು ಹೇಳಿ. ದಡದಲ್ಲೇ ಒಮ್ಮೆ ಎಳೆದು ಎಂಜಿನ್ ನಿಲ್ಲುತ್ತಾ ನೋಡಿಸಿ. ಎಲ್ಲಿಗೆ ಹೋಗುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ದಡದಲ್ಲಿ ಉಳಿಯುವ ಒಬ್ಬರಿಗಾದರೂ ತಿಳಿದಿರಲಿ. ದೋಣಿ ಮಗುಚಿದರೆ ಅದನ್ನೇ ಹಿಡಿದಿರಬೇಕು. ಬಿದ್ದವರನ್ನು ಎತ್ತಲು ತಾವೂ ಹಾರಬಾರದು, ಹುಟ್ಟು ಚಾಚಬೇಕು, ಇಲ್ಲವೇ ಹಗ್ಗ ಎಸೆಯಬೇಕು. ಕುಡಿದು ಬಂದವರ ಹತ್ತಿರ ನಾನು ಜಗಳ ಆಡುವುದಿಲ್ಲ, ಜೊತೆಗಿರುವವರನ್ನು ಪಕ್ಕಕ್ಕೆ ಕರೆದು ಮಾತಾಡುತ್ತೇನೆ.

ಎರವಲು ಕೊಡಲು ನಾಲ್ಕಾರು ಅಳತೆಯ ಜಾಕೆಟ್ ಇಟ್ಟುಕೊಳ್ಳಿ. ವಾಪಸ್ ಬಂದದ್ದನ್ನು ನೆರಳಲ್ಲಿ ಒಣಗಿಸಿ. ಹೊಲಿಗೆ ಬಿಟ್ಟಿದ್ದರೆ, ಇಲ್ಲವೇ ಒಳಗಿನ ಫೋಮ್ ಗಟ್ಟಿಯಾಗಿ, ಒತ್ತಿದಾಗ ಪುಡಿಯಾದರೆ, ಪಟ್ಟಿಗಳನ್ನು ಕತ್ತರಿಸಿಯೇ ಬಿಸಾಡಿ. ಸುಮ್ನೆ ಎಸೆದರೆ ಯಾರಾದರೂ ಎತ್ತಿಕೊಂಡು ಹೋಗಿ ಹಾಕಿಕೊಳ್ಳುತ್ತಾರೆ.