ನೀಲ್ ದ್ವೀಪ: ಮುಳುಗಿ ಮೀನು ನೋಡಿ, ಮುಳುಗುವ ಸೂರ್ಯನನ್ನೂ ನೋಡಿ

ಅಂಡಮಾನ್‌ಗೆ ಹೋಗುವ ನಮ್ಮವರಲ್ಲಿ ತುಂಬಾ ಜನ ನೀಲ್ ದ್ವೀಪಕ್ಕೆ ಕೊಡುವುದು ಅರ್ಧ ದಿನ ಮಾತ್ರ. ಬೆಳಿಗ್ಗೆ ಹಡಗಿನಿಂದ ಇಳಿಯುವುದು, ಆಟೊ ಹತ್ತುವುದು, ಮೂರು ಬೀಚ್ ಮುಟ್ಟುವುದು, ಮಧ್ಯಾಹ್ನದ ಹಡಗಿಗೆ ವಾಪಸ್. ಪ್ಯಾಕೇಜ್‌ನವರು ಹಾಕಿಕೊಡುವ ಲೆಕ್ಕ ಇದು. ಆದರೆ ಹವಳ ನೋಡಲು ನೀರು ತುಂಬಿರಬೇಕು. ಸಮುದ್ರವೇ ಕೊರೆದ ಕಲ್ಲಿನ ಸೇತುವೆ ನೋಡಲು ನೀರು ಇಳಿದಿರಬೇಕು. ಸೂರ್ಯಾಸ್ತಕ್ಕೆ ಸಂಜೆಯೇ ಆಗಬೇಕು. ಇವು ಮೂರೂ ಅರ್ಧ ದಿನದಲ್ಲಿ ಒಟ್ಟಿಗೆ ಸಿಗುವುದಿಲ್ಲ. ಅಲ್ಲಿ ಕೈಗಡಿಯಾರಕ್ಕಿಂತ ಸಮುದ್ರದ ಉಬ್ಬರ-ಇಳಿತ ನೋಡಿ ದಿನ ಹಾಕಿಕೊಳ್ಳಬೇಕು.

ದ್ವೀಪ ಪುಟ್ಟದು. ಸೈಕಲ್‌ನಲ್ಲೇ ಸುತ್ತಬಹುದು. 2018ರ ಡಿಸೆಂಬರ್‌ನಿಂದ ಅದರ ಅಧಿಕೃತ ಹೆಸರು ಶಹೀದ್ ದ್ವೀಪ. ಹಡಗಿನ ಟಿಕೆಟ್‌ನಲ್ಲಿ ಎರಡರಲ್ಲಿ ಯಾವ ಹೆಸರಾದರೂ ಇರಬಹುದು, ಗಾಬರಿ ಬೇಡ. ಪೋರ್ಟ್ ಬ್ಲೇರ್‌ಗೂ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಟ್ಟಿದ್ದಾರೆ. ನೀಲ್‌ನಲ್ಲಿ ನೆಲೆಸಿರುವವರಲ್ಲಿ ಹೆಚ್ಚಿನವರು ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳವರು. ಊರುಗಳ ಹೆಸರು ಹೆಚ್ಚಿನವು ರಾಮಾಯಣದವು: ಸೀತಾಪುರ, ಭರತಪುರ, ರಾಮನಗರ, ಲಕ್ಷ್ಮಣಪುರ. ನಮಗೆ ಬೇಕಾದ್ದು ಕೊನೆಯದು. ದ್ವೀಪದ ಪಶ್ಚಿಮದ ತುದಿ ಅದು, ಮರಳು ಚೂಪಾಗಿ ಕಡಲಿಗೆ ಚಾಚಿಕೊಂಡಿರುವ ಜಾಗ.

ಮೊದಲು ತಿಂಗಳು, ಆಮೇಲೆ ತಿಥಿ

ಜನವರಿಯಿಂದ ಏಪ್ರಿಲ್‌ವರೆಗೆ ಸಮುದ್ರ ಶಾಂತವಾಗಿರುತ್ತದೆ, ನೀರು ತಿಳಿಯಾಗಿರುತ್ತದೆ. ಕೇರಳಕ್ಕೆ ಬರುವ ಮೊದಲೇ, ಮೇ ಮೂರನೇ ವಾರದ ಹೊತ್ತಿಗೆ, ಮುಂಗಾರು ಅಂಡಮಾನ್‌ ಮುಟ್ಟುತ್ತದೆ. ಅಲ್ಲಿಂದ ಸೆಪ್ಟೆಂಬರ್‌ವರೆಗೆ ಸ್ನಾರ್ಕೆಲಿಂಗ್ (ಮುಖಕ್ಕೆ ಮಾಸ್ಕ್, ಬಾಯಿಗೆ ಉಸಿರಿನ ನಳಿಗೆ ಹಾಕಿಕೊಂಡು ತೇಲುತ್ತಾ ನೀರಿನೊಳಗೆ ನೋಡುವುದು) ಆಸೆ ಇಟ್ಟುಕೊಂಡು ಹೋಗಬೇಡಿ. ದಸರಾ, ದೀಪಾವಳಿ ರಜೆಯಲ್ಲಿ ಹೋಗುವವರು ಹಿಂಗಾರಿನ ಮಳೆಗೆ ತಯಾರಿರಬೇಕು. ಮಳೆ ಬಂದ ಮರುದಿನ ನೀರು ಕದಡಿರುತ್ತದೆ.

ತಿಂಗಳು ಗೊತ್ತಾದ ಮೇಲೆ ಮನೆಯ ಕ್ಯಾಲೆಂಡರ್‌ನಲ್ಲಿ ತಿಥಿ ನೋಡಿ. ಕುಂದಾಪುರ, ಕಾರವಾರದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬಯಲುಸೀಮೆಯವರಿಗಾಗಿ ಹೇಳುತ್ತಿದ್ದೇನೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ತುಂಬಾ ಏರುತ್ತದೆ, ತುಂಬಾ ಇಳಿಯುತ್ತದೆ, ಸೆಳೆತವೂ ಜಾಸ್ತಿ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ. ಹೊಸಬರಿಗೆ ಅಷ್ಟಮಿಯ ಸುತ್ತಲಿನ ದಿನಗಳು ಒಳ್ಳೆಯವು. ಕಲ್ಲಿನ ಸೇತುವೆಯನ್ನು ಪೂರ್ತಿ ನೋಡಬೇಕು ಅನ್ನುವವರಿಗೆ ಅಮಾವಾಸ್ಯೆ-ಹುಣ್ಣಿಮೆ.

ಒಂದು ಉಬ್ಬರಕ್ಕೂ ಅದರ ಮುಂದಿನ ಇಳಿತಕ್ಕೂ ನಡುವೆ ಸುಮಾರು ಆರೂಕಾಲು ಗಂಟೆ ಇರುತ್ತದೆ. ಈ ಸಮಯ ದಿನವೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹೈದರಾಬಾದ್‌ನಲ್ಲಿರುವ, ಸಮುದ್ರದ ಮಾಹಿತಿ ಕೊಡುವ ಸರ್ಕಾರಿ ಸಂಸ್ಥೆ ಇನ್‌ಕಾಯಿಸ್‌ನ (INCOIS) ವೆಬ್‌ಸೈಟ್‌ನಲ್ಲಿ ಉಬ್ಬರ-ಇಳಿತದ ಮುನ್ಸೂಚನೆ ಸಿಗುತ್ತದೆ. ಪೋರ್ಟ್ ಬ್ಲೇರ್‌ನ ಸಮಯ ನೋಡಿದರೆ ಸಾಕು. ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ, ಏಕೆಂದರೆ ದ್ವೀಪದಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ.

ಯಾವ ದಿನ ಒಳ್ಳೆಯದು? ಬೆಳಿಗ್ಗೆ 7ರಿಂದ 9ರ ಒಳಗೆ ಉಬ್ಬರ ಬರುವ ದಿನ. ಉದಾಹರಣೆಗೆ 7ಕ್ಕೆ ನೀರು ತುಂಬಿದರೆ 6ರಿಂದ 8ರವರೆಗೆ ಸ್ನಾರ್ಕೆಲಿಂಗ್. ಒಂದೂಕಾಲರ ಹೊತ್ತಿಗೆ ನೀರು ಇಳಿದಿರುತ್ತದೆ, ಆಗ ಕಲ್ಲಿನ ಸೇತುವೆ. ಅಲ್ಲಿಂದ ಸಂಜೆಗೆ ಲಕ್ಷ್ಮಣಪುರ. ಎಲ್ಲವೂ ಒಂದೇ ದಿನದಲ್ಲಿ ಆರಾಮಾಗಿ ಮುಗಿಯುತ್ತದೆ.

ತಲುಪುವುದು

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ನೇರ ವಿಮಾನದಲ್ಲಿ ಎರಡೂವರೆ ಗಂಟೆ. ಅಲ್ಲಿಂದ ನೀಲ್‌ಗೆ ಹಡಗು. ಖಾಸಗಿ ಹಡಗುಗಳು ಬೇಗ ತಲುಪಿಸುತ್ತವೆ, ಸರ್ಕಾರಿ ಹಡಗಿಗೆ ಸುಮಾರು ಎರಡು ಗಂಟೆ. ಸರ್ಕಾರಿ ಹಡಗು ಫೀನಿಕ್ಸ್ ಬೇ ಜೆಟ್ಟಿಯಿಂದ ಹೊರಡುತ್ತದೆ, ಖಾಸಗಿಯವು ಸಾಮಾನ್ಯವಾಗಿ ಹ್ಯಾಡೊ ಕಡೆಯಿಂದ. ಟಿಕೆಟ್‌ನಲ್ಲಿ ಯಾವ ಜೆಟ್ಟಿ ಎಂದು ನೋಡಿಕೊಂಡೇ ಆಟೊ ಹತ್ತಿ. ಭಾರತೀಯರಿಗೆ ನೀಲ್‌ಗೆ ಪರ್ಮಿಟ್ ಬೇಕಿಲ್ಲ, ಆದರೆ ಗುರುತಿನ ಚೀಟಿ ಕೈಯಲ್ಲಿರಬೇಕು. ಕ್ಯಾಶ್ ಇಟ್ಟುಕೊಳ್ಳಿ. ಹಡಗಿನಲ್ಲಿ ಹೊಟ್ಟೆ ತೊಳಸುವವರು ಮಾತ್ರೆಯನ್ನು ಹತ್ತುವ ಮೊದಲೇ ನುಂಗಬೇಕು, ಹೊಟ್ಟೆ ತೊಳಸತೊಡಗಿದ ಮೇಲೆ ನುಂಗಿದರೆ ಹೆಚ್ಚು ಉಪಯೋಗವಿಲ್ಲ.

ಕನಿಷ್ಠ ಎರಡು ರಾತ್ರಿ ಉಳಿಯಿರಿ. ಹಗಲಿಗೆ ಬಂದು ಹೋಗುವವರು ಮಧ್ಯಾಹ್ನ ಹಡಗು ಹತ್ತಿದ ಮೇಲೆ ಊರು ತಣ್ಣಗಾಗುತ್ತದೆ. ಊಟದ ಚಿಂತೆ ಬೇಡ. ಈ ದ್ವೀಪ ಅಂಡಮಾನ್‌ಗೆ ತರಕಾರಿ ಬೆಳೆದುಕೊಡುವ ಊರು, ಹಾಗಾಗಿ ಸಸ್ಯಾಹಾರಿಗಳಿಗೂ ಒಳ್ಳೆಯ ಊಟ ಸಿಗುತ್ತದೆ. ಮೀನು ತಿನ್ನುವವರಿಗಂತೂ ಬಂಗಾಳಿ ಅಡುಗೆ, ಕೇಳಬೇಕೇ?

ಮುಖವಾಡ ಸರಿ ಇದ್ದರೆ ಅರ್ಧ ಕೆಲಸ ಮುಗಿದಂತೆ

ಸ್ನಾರ್ಕೆಲಿಂಗ್‌ನಲ್ಲಿ ಹೊಸಬರು ಹೆದರುವುದು ಹೆಚ್ಚಾಗಿ ಆಳಕ್ಕಲ್ಲ, ಮಾಸ್ಕ್ ಒಳಗೆ ನುಗ್ಗುವ ನೀರಿಗೆ. ಬಾಡಿಗೆಗೆ ಕೊಡುವವರು ಯಾವುದೋ ಒಂದನ್ನು ಕೈಗೆ ತುರುಕುತ್ತಾರೆ. ಹಾಗೇ ತೆಗೆದುಕೊಳ್ಳಬೇಡಿ. ಪಟ್ಟಿ ಹಾಕಿಕೊಳ್ಳದೆ ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿಯಿರಿ. ಮೂಗಿನಿಂದ ಸ್ವಲ್ಪ ಉಸಿರು ಎಳೆದು ಕೈ ಬಿಡಿ. ಅದು ಮುಖಕ್ಕೆ ಕಚ್ಚಿಕೊಂಡೇ ನಿಂತರೆ ನಿಮ್ಮದು. ಬಿದ್ದರೆ ಬೇರೆ ಕೇಳಿ. ದಪ್ಪ ಮೀಸೆಯವರಿಗೆ ಮೂಗಿನ ಕೆಳಗೆ ಸಣ್ಣಗೆ ನೀರು ಒಸರುತ್ತದೆ. ಮೂಗಿಗೆ ತಾಗುವ ಕಡೆ ಒಂದು ಗೆರೆಯಷ್ಟು ಟ್ರಿಮ್ ಮಾಡಿದರೆ ವಾಸಿ. ಮೀಸೆಗೆ ಕೈ ಹಚ್ಚಲು ಮನಸ್ಸಿಲ್ಲದಿದ್ದರೆ ಆಗಾಗ ನೀರು ಹೊರಹಾಕುತ್ತಿರಿ, ಅಷ್ಟೇ. ತಲೆಗೂದಲು ಅಂಚಿನೊಳಗೆ ಸಿಕ್ಕಿಕೊಂಡಿದ್ದರೂ ಹೀಗೇ ಸೋರುತ್ತದೆ. ಸೋರುತ್ತಿದೆ ಎಂದು ಪಟ್ಟಿಯನ್ನು ಬಿಗಿ ಮಾಡುತ್ತಾ ಹೋದರೆ ಸೋರುವುದು ಇನ್ನೂ ಹೆಚ್ಚುತ್ತದೆ.

ಗಾಜು ಮಂಜಾಗದಿರಲು ಒಳಗಡೆ ಎಂಜಲು ಸವರಿ ಒಮ್ಮೆ ನೀರಿನಲ್ಲಿ ಅದ್ದಿ. ಅಸಹ್ಯ ಅನ್ನಿಸಿದರೆ ಒಂದು ಹನಿ ಬೇಬಿ ಶಾಂಪೂ ಸವರಿ. ಹೊಸ ಮಾಸ್ಕ್ ಕೊಂಡಿದ್ದರೆ ಮನೆಯಲ್ಲೇ ಒಳಗಿನ ಗಾಜನ್ನು ಟೂತ್‌ಪೇಸ್ಟ್ ಹಾಕಿ ಉಜ್ಜಿ ತೊಳೆಯಿರಿ. ಮುಖ ಪೂರ್ತಿ ಮುಚ್ಚುವ ಮಾಸ್ಕ್‌ಗಳು ಈಗ ಎಲ್ಲೆಡೆ ಸಿಗುತ್ತವೆ. ನನಗೆ ಅವು ಹಿಡಿಸುವುದಿಲ್ಲ. ನೀರು ಹೊಕ್ಕರೆ ಬಾಯಿಂದ ನಳಿಗೆ ಉಗುಳುವಷ್ಟು ಸುಲಭವಾಗಿ ಅವನ್ನು ತೆಗೆಯಲು ಆಗುವುದಿಲ್ಲ.

ಸೊಂಟದ ಮಟ್ಟದ ನೀರಿನಲ್ಲಿ ನಿಂತು ಮೂರು ವಿಷಯ ಕಲಿಯಿರಿ. ಒಂದು, ಮುಖ ನೀರಿಗಿಟ್ಟು ಬಾಯಿಂದ ನಿಧಾನವಾಗಿ ಉಸಿರಾಡುವುದು. ಎರಡು, ನಳಿಗೆಯಲ್ಲಿ ನೀರು ಬಂದರೆ ‘ತೂ’ ಎಂದು ಜೋರಾಗಿ ಊದಿ ಹೊರಹಾಕುವುದು. ಮೂರು, ಮಾಸ್ಕ್‌ನ ಕೆಳಗಿನ ಅಂಚನ್ನು ಸ್ವಲ್ಪ ಎತ್ತಿ ಮೂಗಿನಿಂದ ಉಸಿರು ಬಿಟ್ಟು ನೀರು ತೆಗೆಯುವುದು. ಇವು ಮೂರೂ ಗಾಬರಿಯಿಲ್ಲದೆ ಬರುವವರೆಗೆ ಮುಂದೆ ಹೋಗಬೇಡಿ. ಈಜು ಬಾರದವರೂ ಲೈಫ್ ಜಾಕೆಟ್ ಹಾಕಿ, ಗೈಡ್ ಎಳೆದುಕೊಂಡು ಹೋಗುವ ಟ್ಯೂಬ್ ಹಿಡಿದು ತೇಲಬಹುದು. ಅದರಲ್ಲಿ ನಾಚಿಕೆ ಏನೂ ಇಲ್ಲ. ಈಜು ಬರುವವರು ಒಬ್ಬರೇ ಹೋಗುವುದಕ್ಕಿಂತ ಅದು ಎಷ್ಟೋ ಮೇಲು.

ಎಲ್ಲಿ ಇಳಿಯುವುದು?

ಮೊದಲ ಸಲಕ್ಕೆ ಜೆಟ್ಟಿಯ ಪಕ್ಕದ ಭರತಪುರ. ನೀರು ಆಳವಿಲ್ಲ, ಅಲೆ ಕಡಿಮೆ, ಗೈಡ್‌ಗಳೂ ಇರುತ್ತಾರೆ. ಆದರೆ ಹೊತ್ತೇರಿದರೆ ಜೆಟ್ ಸ್ಕೀ, ಗಾಜಿನ ತಳದ ದೋಣಿಗಳ ಗಲಾಟೆ. ಅದಕ್ಕೇ ಬೆಳಿಗ್ಗೆ 6ಕ್ಕೆ ಇಳಿಯಿರಿ ಎಂದು ಹೇಳಿದ್ದು. ಅಷ್ಟು ಬೇಗವೇ ಅನ್ನಬೇಡಿ, ಅಂಡಮಾನ್‌ನಲ್ಲಿ ಆ ಹೊತ್ತಿಗೆ ಚೆನ್ನಾಗಿ ಬೆಳಕು ಹರಿದಿರುತ್ತದೆ. ಗೈಡ್‌ಗೆ ಹಿಂದಿನ ಸಂಜೆಯೇ ಹೇಳಿಟ್ಟಿರಬೇಕು.

ಲಕ್ಷ್ಮಣಪುರದ ಕಡೆ ಜನ ಕಡಿಮೆ, ಆದರೆ ಜಾಗ ಒರಟು. ದಡದ ಹತ್ತಿರ ಸತ್ತ ಹವಳದ ನೆಲ. ನೀರು ಇಳಿದಾಗ ಈಜಲು ಆಗುವುದೇ ಇಲ್ಲ, ಎಷ್ಟು ದೂರ ನಡೆದರೂ ಮೊಣಕಾಲು ನೀರು. ಉಬ್ಬರದ ಹೊತ್ತಿನಲ್ಲಿ, ಅಭ್ಯಾಸ ಇದ್ದವರು ಮಾತ್ರ, ಊರಿನವರನ್ನು ಕೇಳಿಕೊಂಡು ಇಳಿಯಬೇಕು. ಸೆಳೆತ ಹೇಗಿದೆ ಎಂದು ಕೇಳಿ. ಮೊಸಳೆ ವಿಷಯವನ್ನೂ ಕೇಳಿ. ತಮಾಷೆ ಅಲ್ಲ, ಅಂಡಮಾನ್‌ನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹಿನ್ನೀರಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಎಚ್ಚರಿಕೆಯ ಬೋರ್ಡ್ ಇರುವ ಕಡೆ ಕಾಲಿಡಬೇಡಿ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋದವರಿಗೆ ದೋಣಿಯಿಂದ ಆಳದ ನೀರಿಗೆ ಇಳಿದು ರೂಢಿ. ಇಲ್ಲಿ ದಡದಿಂದಲೇ ನಡೆದು ಇಳಿಯುವುದರಿಂದ ಕಾಲಿಗೆ ರಬ್ಬರ್ ತಳದ ಶೂ ಬೇಕೇ ಬೇಕು.

ಏನು ಕಾಣುತ್ತದೆ? ಹವಳ ಕೊರೆದು ತಿನ್ನುವ ಗಿಳಿ ಮೀನುಗಳು ಕಾಣುತ್ತವೆ. ಕಿವಿಗೊಟ್ಟರೆ ಕಟಕಟ ಸದ್ದೂ ಕೇಳುತ್ತದೆ. ಅವು ತಿಂದ ಹವಳ ಪುಡಿಯಾಗಿ ಹೊರಬಂದು ಮರಳಾಗುತ್ತದೆ. ನೀವು ಟವೆಲ್ ಹಾಸುವ ಬಿಳಿ ಮರಳಿನಲ್ಲಿ ಅವುಗಳ ಪಾಲೂ ಇದೆ. ಚಿಟ್ಟೆ ಮೀನು, ಸಮುದ್ರ ಸೌತೆ, ಬಾಯಿ ತೆರೆದು ಕೂತ ದೊಡ್ಡ ಚಿಪ್ಪುಗಳು, ಅದೃಷ್ಟ ಇದ್ದರೆ ಕ್ಲೌನ್ ಮೀನು. ಆದರೆ ಮೊಬೈಲ್‌ನಲ್ಲಿ ನೋಡಿದ ಬಣ್ಣದ ತೋಟವನ್ನು ನಿರೀಕ್ಷಿಸಬೇಡಿ. 1998 ಮತ್ತು 2010ರಲ್ಲಿ ಸಮುದ್ರದ ನೀರು ಬಿಸಿಯಾಗಿ ಅಂಡಮಾನ್‌ನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಚಿಕೊಂಡಿತ್ತು. ಬೂದು ಬಣ್ಣದ ಸತ್ತ ಹವಳ ಬಹಳ ಕಡೆ ಕಾಣುತ್ತದೆ, ಅದರ ನಡುವೆ ಜೀವ ಇರುವುದನ್ನು ಹುಡುಕಬೇಕು.

ಹವಳದ ಮೇಲೆ ನಿಲ್ಲಬೇಡಿ. ಸುಸ್ತಾದರೆ ಮಲಗಿದ ಹಾಗೆ ತೇಲಿ, ಇಲ್ಲವೇ ಬರೀ ಮರಳಿರುವ ಕಡೆ ಕಾಲೂರಿ. ಹವಳದಿಂದಾದ ಸಣ್ಣ ಗೀರು ಕೂಡ ಬೇಗ ಕೀವಾಗುತ್ತದೆ. ಸೋಪು, ಒಳ್ಳೆಯ ನೀರಿನಿಂದ ತೊಳೆದು, ಕೆಂಪಾದರೆ ದ್ವೀಪದ ಆರೋಗ್ಯ ಕೇಂದ್ರಕ್ಕೆ ಹೋಗಿ. ಸನ್‌ಸ್ಕ್ರೀನ್ ಮೆತ್ತಿಕೊಂಡು ನೀರಿಗೆ ಇಳಿಯುವ ಬದಲು ಪೂರ್ತಿ ತೋಳಿನ ಈಜುಡುಗೆ ಮತ್ತು ಲೆಗಿಂಗ್ಸ್ ಹಾಕಿ. ಆಕ್ಸಿಬೆಂಜೋನ್ ಇರುವ ಸನ್‌ಸ್ಕ್ರೀನ್ ಹವಳಕ್ಕೆ ಕೆಟ್ಟದ್ದೆಂದು ಪಲಾವ್ ಎಂಬ ದ್ವೀಪ ದೇಶ, ಅಮೆರಿಕದ ಹವಾಯಿ ರಾಜ್ಯ ಅದಕ್ಕೆ ತಡೆ ಹಾಕಿವೆ. ತೇಲುವಾಗ ಸುಡುವುದು ಬೆನ್ನು ಮತ್ತು ಮೀನಖಂಡ, ಅದು ಗೊತ್ತಾಗುವುದು ರಾತ್ರಿ ಮಲಗಿದಾಗ.

ಮಧ್ಯಾಹ್ನ: ಕಲ್ಲಿನ ಸೇತುವೆ

ಸಮುದ್ರ ಕೊರೆದ ಕಲ್ಲಿನ ಕಮಾನು ಇದು. ಬಂಗಾಳಿಗಳು ಇದನ್ನು ಹೌರಾ ಬ್ರಿಡ್ಜ್ ಎಂದು ಕರೆದುಕೊಂಡರು. ದಾರಿ ಜಾರುವ ಬಂಡೆಗಳ ಮೇಲೆ. ಇಳಿತದ ಸಮಯಕ್ಕೆ ಒಂದು ಗಂಟೆ ಮೊದಲು ಹೋದರೆ ಬಂಡೆಗಳ ಹೊಂಡಗಳಲ್ಲಿ ಸಿಕ್ಕಿಕೊಂಡ ಮೀನು, ಏಡಿಗಳನ್ನು ನೋಡುತ್ತಾ ಆರಾಮಾಗಿ ನಡೆಯಬಹುದು. ನೀರು ಏರತೊಡಗಿದರೆ ಫೋಟೊ ಬಾಕಿ ಇದ್ದರೂ ಹೊರಟುಬಿಡಿ.

ಸೂರ್ಯಾಸ್ತಕ್ಕೆ ಬೇಗ ಹೊರಡಿ

ಇಲ್ಲಿ ನಮ್ಮವರು ಹೆಚ್ಚಾಗಿ ಏಮಾರುತ್ತಾರೆ. ಅಂಡಮಾನ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ, ಆದರೆ ಗಡಿಯಾರ ಎರಡೂ ಕಡೆ ಒಂದೇ. ಹಾಗಾಗಿ ಸೂರ್ಯ ಅಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಮೊದಲೇ ಮುಳುಗುತ್ತಾನೆ. ಡಿಸೆಂಬರ್ ಮಧ್ಯದಲ್ಲಿ ಸಂಜೆ 5ಕ್ಕೇ ಕಥೆ ಮುಗಿದಿರುತ್ತದೆ. ಫೆಬ್ರುವರಿಯಲ್ಲಿ 5.25ರ ಸುಮಾರಿಗೆ. ಮಧ್ಯಾಹ್ನ ಮಲಗಿ, ಟೀ ಕುಡಿದು, ಐದೂವರೆಗೆ ಹೊರಟರೆ ಬರೀ ಕತ್ತಲೆ ಸಿಗುತ್ತದೆ.

ಚಳಿಗಾಲದಲ್ಲಿ ನಾಲ್ಕಕ್ಕೆಲ್ಲ ಲಕ್ಷ್ಮಣಪುರದ ಬೀಚಿನಲ್ಲಿರಿ. ಜೆಟ್ಟಿಯ ಕಡೆಯಿಂದ ಸೈಕಲ್‌ನಲ್ಲಿ ಸ್ವಲ್ಪ ಹೊತ್ತಿನ ದಾರಿ. ಬೀಚಿಗೆ ಇಳಿಯುವ ಜಾಗದಲ್ಲೇ ಎಲ್ಲರೂ ಕೂರುತ್ತಾರೆ, ಎಳನೀರು ಅಂಗಡಿಯೂ ಅಲ್ಲೇ. ನೀವು ಮರಳಿನ ಮೇಲೆ ತುದಿಯ ಕಡೆಗೆ ನಡೆಯಿರಿ. ಸ್ವಲ್ಪ ಹೊತ್ತಿಗೆ ಮಾತು, ಮ್ಯೂಸಿಕ್ ಎಲ್ಲ ಹಿಂದೆ ಉಳಿಯುತ್ತವೆ. ನೀರು ಇಳಿದಿದ್ದರೆ ಒದ್ದೆ ಮರಳಿನಲ್ಲಿ ಆಕಾಶದ ಬಣ್ಣ ಪೂರ್ತಿ ಕಾಣುತ್ತದೆ, ತುಂಬಿದ್ದರೆ ನಡೆಯಲು ಪಟ್ಟಿಯಷ್ಟೇ ಜಾಗ. ಸೂರ್ಯ ಮುಳುಗಿದ ತಕ್ಷಣ ಜನ ಎದ್ದು ಹೋಗುತ್ತಾರೆ. ನೀವು ಇನ್ನೂ ಹದಿನೈದು ನಿಮಿಷ ಕೂತಿರಿ, ಒಳ್ಳೆಯ ಬಣ್ಣ ಬರುವುದು ಆಮೇಲೆ. ಅದಾದ ಮೇಲೆ ಕತ್ತಲು ಬೇಗ ಕವಿಯುತ್ತದೆ, ಟಾರ್ಚ್ ಇರಲಿ. ಸೊಳ್ಳೆ, ಮರಳು ನೊಣ ಕಚ್ಚುತ್ತವೆ, ಕಾಲಿಗೆ ಎಣ್ಣೆ ಹಚ್ಚಿಕೊಂಡೇ ಬನ್ನಿ.

ವಾಪಸ್ ಬರುವಾಗ

ಬೀಚಿನಲ್ಲಿ ಸಿಕ್ಕ ಹವಳದ ತುಂಡು, ಚಿಪ್ಪುಗಳನ್ನು ಮಕ್ಕಳು ಸುಮ್ನೆ ಜೇಬಿಗೆ ಹಾಕಿಕೊಂಡಿರುತ್ತಾರೆ. ಹೋಟೆಲ್ ಬಿಡುವ ಮೊದಲು ಜೇಬು ನೋಡಿ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಸತ್ತ ತುಂಡನ್ನೂ ತರುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಸ್ಕ್ಯಾನ್ ಮಾಡುವಾಗ ಸಿಕ್ಕಿಬೀಳುತ್ತದೆ.

ಸ್ನಾರ್ಕೆಲಿಂಗ್ ಮಾಡಿ ಅದೇ ದಿನ ವಿಮಾನ ಹತ್ತಬಹುದು. ಸ್ಕೂಬಾ ಡೈವಿಂಗ್ ಕೂಡ ಮಾಡಿದ್ದರೆ 18ರಿಂದ 24 ಗಂಟೆ ಕಾಯಬೇಕು. ಸಮುದ್ರ ಕೆಟ್ಟರೆ ಹಡಗು ನಿಲ್ಲಿಸಿಬಿಡುತ್ತಾರೆ, ಹಾಗಾಗಿ ವಿಮಾನದ ಹಿಂದಿನ ರಾತ್ರಿ ನೀಲ್‌ನಲ್ಲಿ ಉಳಿಯದೆ ಪೋರ್ಟ್ ಬ್ಲೇರ್‌ನಲ್ಲಿ ರೂಮ್ ಮಾಡಿ.