ಮೂರನೆಯ ಸಾಲಿನ ಹೋಟೆಲು: ಕಡಲತೀರದ ರಜೆಗೆ ಕೋಣೆ ಆರಿಸಿದ ನನ್ನ ಅನುಭವ

ಈ ಸಲದ ರಜೆಯಲ್ಲಿ ನಮ್ಮ ಕುಟುಂಬದ ಒಂಬತ್ತು ಮಂದಿ ಐದು ರಾತ್ರಿ ತಂಗಿದ್ದ ಹೋಟೆಲು ಕಡಲಿಗೆ ಎದುರಾಗಿರಲಿಲ್ಲ. ಅದು ತೀರದಿಂದ ಮೂರನೆಯ ಸಾಲಿನಲ್ಲಿತ್ತು ಮತ್ತು ಮರಳಿಗೆ ಕಾಲಿಡಲು ಏಳು ನಿಮಿಷ ನಡೆಯಬೇಕಿತ್ತು. ಹೊರಡುವ ಮೊದಲು ಮನೆಯಲ್ಲಿ ಒಬ್ಬರೂ ಇದನ್ನು ಒಪ್ಪಿರಲಿಲ್ಲ. “ಅಷ್ಟು ದೂರ ಹೋಗಿ ಕಡಲು ಕಾಣದ ಕೋಣೆಯಲ್ಲಿ ಮಲಗುವುದಾದರೆ ಮನೆಯಲ್ಲೇ ಇರಬಹುದಲ್ಲ” ಎಂದು ಭಾವ ಎಲ್ಲರೆದುರಿಗೇ ಹೇಳಿದ್ದರು. ಹಿಂದಿರುಗಿ ಲೆಕ್ಕ ಹಾಕಿದಾಗ, ಎದುರುಸಾಲಿನಲ್ಲಿ ತಂಗಿದ್ದರೆ ಆಗುತ್ತಿದ್ದ ಖರ್ಚಿನ ಮೂರರಲ್ಲಿ ಎರಡು ಭಾಗದಷ್ಟೇ ಆಗಿತ್ತು. ಹಣಕ್ಕಿಂತ ಹೆಚ್ಚಾಗಿ, ಐದೂ ರಾತ್ರಿ ಎಲ್ಲರಿಗೂ ಒಳ್ಳೆಯ ನಿದ್ದೆ ಬಂದಿತ್ತು ಮತ್ತು ಮಕ್ಕಳು ದಿನಕ್ಕೆ ನಾಲ್ಕು ಗಂಟೆಗೆ ಕಡಿಮೆಯಿಲ್ಲದಂತೆ ನೀರಿನಲ್ಲಿ ಆಡಿದ್ದರು. ಆರು ವರ್ಷಗಳಲ್ಲಿ ನಾಲ್ಕು ಸಲ ಎಡವಿದ ಮೇಲೆ ಕೈಹಿಡಿದ ವಿಧಾನವಾದ್ದರಿಂದ ಇದನ್ನು ಬರೆದಿಡುತ್ತಿದ್ದೇನೆ. ಬುಕಿಂಗ್ ಆ್ಯಪ್, ನಕ್ಷೆ, ಉಪಗ್ರಹ ಚಿತ್ರ, ಉಬ್ಬರವಿಳಿತದ ಪಟ್ಟಿ ಇವುಗಳನ್ನು ತೆರೆದು ನೋಡುವುದು ಓದುಗರಿಗೆ ಗೊತ್ತಿದೆ ಎಂದೇ ಭಾವಿಸಿದ್ದೇನೆ.

ಮೊದಲ ಸೋಲು ‘ಸಮುದ್ರಾಭಿಮುಖ’ ಎಂಬ ಪದದಿಂದ ಬಂತು. ಚಿತ್ರದಲ್ಲಿ ಬಾಲ್ಕನಿಯ ಕಂಬಿಗಳಾಚೆ ನೀರೇ ನೀರು ಕಾಣುತ್ತಿತ್ತು. ಹೋಗಿ ನೋಡಿದರೆ, ಆ ಚಿತ್ರ ತೆಗೆದ ಮೇಲೆ ಎದುರಿಗೆ ನಾಲ್ಕು ಅಂತಸ್ತಿನ ಕಟ್ಟಡವೊಂದು ಎದ್ದಿತ್ತು. ಅದರ ನೀರಿನ ಟ್ಯಾಂಕಿಗೂ ಮೆಟ್ಟಿಲ ಗೋಡೆಗೂ ನಡುವೆ ಒಂದು ಅಂಗೈ ಅಗಲದಷ್ಟು ನೀಲಿ ಕಾಣುತ್ತಿತ್ತು, ಅದೂ ಕಂಬಿಗೆ ಎದೆಯೊರಗಿಸಿ ಎಡಕ್ಕೆ ಬಾಗಿದಾಗ ಮಾತ್ರ. ಅದೇ ಹೋಟೆಲಿನ ಹಿಂಬದಿಯ ಕೋಣೆಗಿಂತ ನೂರಕ್ಕೆ ನಲವತ್ತರಷ್ಟು ಹೆಚ್ಚು ಬಾಡಿಗೆಯನ್ನು ನಾವು ಆ ಅಂಗೈ ಅಗಲಕ್ಕೆ ಕೊಟ್ಟಿದ್ದೆವು. ಅಂದಿನಿಂದ ಹೋಟೆಲಿನವರು ಹಾಕಿದ ಚಿತ್ರಗಳನ್ನು ನಾನು ನೋಡುವುದೇ ಇಲ್ಲ. ತಂಗಿದವರು ಹಾಕಿದ ಚಿತ್ರಗಳನ್ನು ಮಾತ್ರ, ತೀರ ಈಚಿನ ಮೂರು ತಿಂಗಳವನ್ನು ಮಾತ್ರ ನೋಡುತ್ತೇನೆ. ಅವುಗಳಲ್ಲಿಯೂ ನನ್ನ ಕಣ್ಣು ಹಾಸಿಗೆಯ ಮೇಲಿರುವುದಿಲ್ಲ, ಕಿಟಕಿಯ ತಿರುಪು, ಬಾಗಿಲಿನ ಕೀಲು, ಎ.ಸಿ.ಯ ಹೊರಘಟಕದ ಜಾಲರಿ ಇವುಗಳ ಮೇಲಿರುತ್ತದೆ. ಉಪ್ಪುಗಾಳಿಯ ಊರಿನಲ್ಲಿ ಕಬ್ಬಿಣವನ್ನು ಪ್ರತಿವರ್ಷ ಉಜ್ಜಿ ಬಣ್ಣ ಹೊಡೆಸುವ ಮಾಲೀಕರು ಬಚ್ಚಲಿನ ಕೊಳವೆಯನ್ನೂ ಅಷ್ಟೇ ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ ಎಂಬುದು ನಾನು ಇದುವರೆಗೆ ಸುಳ್ಳಾಗಿ ಕಾಣದ ಸಂಗತಿ.

ಎರಡನೆಯ ಸಲ ‘ತೀರಕ್ಕೆ 200 ಮೀಟರ್’ ಎಂದು ಬರೆದಿದ್ದುದನ್ನು ನಂಬಿದೆ. ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಅದು ನಿಜವೇ ಆಗಿತ್ತು. ಆದರೆ ಆ ಗೆರೆಯ ನಡುವೆ ಒಂದು ಅಳಿವೆ ಇತ್ತು ಮತ್ತು ಅದನ್ನು ದಾಟುವ ಸೇತುವೆ ಎಷ್ಟೋ ದೂರದಲ್ಲಿತ್ತು. ನಡೆದು ಹೋಗಲು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು, ಬಿಸಿಲಿನಲ್ಲಿ ಅತ್ತೆಯವರಿಗೆ ಅದು ಸಾಧ್ಯವಾಗದೆ ದಿನಕ್ಕೆ ಎರಡು ಬಾರಿ ಟ್ಯಾಕ್ಸಿ ಹಿಡಿಯಬೇಕಾಯಿತು. ಕೊನೆಗೆ ಟ್ಯಾಕ್ಸಿಗೆ ಸುರಿದ ಹಣ ಸುಮಾರು ಒಂದೂವರೆ ರಾತ್ರಿಯ ಬಾಡಿಗೆಯಷ್ಟಾಗಿತ್ತು. ಈಗ ನಾನು ಮೀಟರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಕ್ಷೆಯಲ್ಲಿ ನಡಿಗೆಯ ದಾರಿ ಹಾಕಿ, ಬಂದ ನಿಮಿಷಗಳಿಗೆ ಅರ್ಧದಷ್ಟು ಸೇರಿಸುತ್ತೇನೆ. ಏಕೆಂದರೆ ನಕ್ಷೆ ಎಣಿಸುವುದು ಕೈಬೀಸಿ ನಡೆಯುವವರ ವೇಗವನ್ನು. ಮಕ್ಕಳು, ಚಾಪೆ, ಬಕೆಟ್ಟು, ಒದ್ದೆ ಟವೆಲುಗಳನ್ನು ಹೊತ್ತವರ ವೇಗವನ್ನಲ್ಲ. ಹಾಗೆ ಸೇರಿಸಿದ ಮೇಲೂ ಹತ್ತು ನಿಮಿಷ ಮೀರದಿದ್ದರೆ ಮಾತ್ರ ಆ ಹೋಟೆಲು ನನ್ನ ಪಟ್ಟಿಯಲ್ಲಿ ಉಳಿಯುತ್ತದೆ.

ಮೂರನೆಯ ಸೋಲು ನನಗೆ ಅತಿ ಹೆಚ್ಚು ಕಲಿಸಿದ್ದು. ಆ ಸಲ ಹೋಟೆಲು ನಿಜವಾಗಿಯೂ ಮರಳಿನ ಮೇಲೆಯೇ ಇತ್ತು, ಅಂಗಳದಿಂದ ನಾಲ್ಕು ಮೆಟ್ಟಿಲಿಳಿದರೆ ತೀರ. ನಾವು ಹೋದದ್ದು ಹುಣ್ಣಿಮೆಯ ಆಸುಪಾಸಿನ ನಾಲ್ಕು ದಿನ. ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ನೀರು ಆ ನಾಲ್ಕನೆಯ ಮೆಟ್ಟಿಲಿಗೇ ಬಂದು ಬಡಿಯುತ್ತಿತ್ತು. ಮರಳೆಂಬುದು ಇಲ್ಲವೇ ಇಲ್ಲ, ತಡೆಗೋಡೆಗೆ ಹೊಡೆದ ಅಲೆಯ ಹನಿ ಕುರ್ಚಿಗಳವರೆಗೂ ಸಿಡಿಯುತ್ತಿತ್ತು. ಮಧ್ಯಾಹ್ನ ಮೂರರ ಬಳಿಕ ನೀರು ಹಿಂದೆ ಸರಿದು ವಿಶಾಲವಾದ ಮರಳು ಕಾಣಿಸಿಕೊಳ್ಳುವ ಹೊತ್ತಿಗೆ ಮಕ್ಕಳು ದಣಿದು ಮಲಗಿರುತ್ತಿದ್ದರು. ಮನೆಗೆ ಬಂದ ಮೇಲೆ ಉಬ್ಬರವಿಳಿತದ ಪಟ್ಟಿ ಹಿಡಿದು ಕುಳಿತೆ. ದಿನಕ್ಕೆರಡು ಬಾರಿ ಉಬ್ಬರ ಬರುವ ತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಅಂದರೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದೇ. ಆದರೆ ಅದರಿಂದ ಹೊರಡುವ ಒಂದು ಮಾತನ್ನು ರಜೆ ಹಾಕುವವರು ಗಮನಿಸುವುದಿಲ್ಲ. ಒಂದು ಊರಿನಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ದೊಡ್ಡ ಉಬ್ಬರ ಯಾವಾಗಲೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಬರುತ್ತದೆ. ಅದು ನಡುಬೆಳಗಿಗೆ ಬರುವ ಊರಾದರೆ, ಒಂದು ವಾರ ಬಿಟ್ಟು ಅಷ್ಟಮಿಯ ಸುಮಾರಿಗೆ ಅದೇ ಹೊತ್ತಿನಲ್ಲಿ ಇಳಿತವಿರುತ್ತದೆ, ಜೊತೆಗೆ ಏರಿಳಿತದ ಅಂತರವೂ ಆಗ ಕಡಿಮೆ. ಹೀಗಾಗಿ ಒಂದೇ ಹೋಟೆಲು ಒಂದು ವಾರ ಅಂದಗೆಟ್ಟು, ಮರುವಾರ ಅತ್ಯುತ್ತಮವಾಗಿರಬಲ್ಲದು. ತೀರ ಎಷ್ಟು ಸಪಾಟಾಗಿದೆ ಎಂಬುದೂ ಮುಖ್ಯ. ಐವತ್ತು ಮೀಟರಿಗೆ ಒಂದು ಮೀಟರ್ ಇಳಿಜಾರಿರುವ ಕಡೆ ನೀರು ಎರಡು ಮೀಟರ್ ಏರಿದರೆ ನೂರು ಮೀಟರ್ ಅಗಲದ ಮರಳು ಮಾಯವಾಗುತ್ತದೆ. ಬೇರೆ ಬೇರೆ ವರ್ಷಗಳ ಉಪಗ್ರಹ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು, ಅವುಗಳಲ್ಲಿ ಒದ್ದೆ ಮರಳಿನ ಕಪ್ಪು ಗೆರೆ ಎಲ್ಲಿಯವರೆಗೆ ಬಂದಿದೆ ಎಂದು ನೋಡಿದರೆ ಇದು ಕಾಣುತ್ತದೆ.

ಆದ್ದರಿಂದ ನನ್ನ ವಿಧಾನದಲ್ಲಿ ಹೋಟೆಲು ಬರುವುದು ಕೊನೆಗೆ. ಮೊದಲು ತೀರ, ಆಮೇಲೆ ವಾರ, ಆಮೇಲೆ ಸಾಲು, ಆಮೇಲೆ ಕೋಣೆ. ತೀರವನ್ನು ಆರಿಸುವಾಗ ಬ್ಲೂ ಫ್ಲ್ಯಾಗ್ ಇದೆಯೇ ಎಂದು ನೋಡುವುದರಿಂದ ಆರಂಭಿಸುತ್ತೇನೆ. 1985ರಲ್ಲಿ ಫ್ರಾನ್ಸಿನಲ್ಲಿ ಮೊದಲಾದ ಈ ಮಾನ್ಯತೆ ನೀರಿನ ಶುಚಿತ್ವ, ಸುರಕ್ಷತೆ, ಶೌಚಾಲಯಗಳಂಥ ಅಂಶಗಳನ್ನು ಪರೀಕ್ಷಿಸಿ ಕೊಡುವಂಥದ್ದು, ಮತ್ತು ಋತುವಿನಿಂದ ಋತುವಿಗೆ ನವೀಕರಣವಾಗಬೇಕಾದದ್ದು. ಅದು ಸಿಗುವುದು ತೀರಕ್ಕೆ, ಪಕ್ಕದ ಹೋಟೆಲಿಗಲ್ಲ. ಅದಿಲ್ಲದ ಕಡೆ, ಮೇಲೆ ಕೆಂಪು ಕೆಳಗೆ ಹಳದಿ ಇರುವ ಬಾವುಟ ಪ್ರವಾಸಿಗರ ಚಿತ್ರಗಳಲ್ಲಿ ಎಲ್ಲಿ ಕಾಣುತ್ತದೆ ಎಂದು ಹುಡುಕುತ್ತೇನೆ. ಜೀವರಕ್ಷಕರು ಕಾಯುವ ಜಾಗವನ್ನು ಆ ಬಾವುಟ ಗುರುತಿಸುತ್ತದೆ. ನಾನು ನಡಿಗೆಯ ನಿಮಿಷಗಳನ್ನು ಎಣಿಸುವುದು ಆ ಬಾವುಟದವರೆಗೆ. ಹೋಟೆಲಿನ ಎದುರೇ ನೀರಿದ್ದು ಅಲ್ಲಿ ಸೆಳೆತವಿದ್ದರೆ, ಮಕ್ಕಳ ಪಾಲಿಗೆ ಅದು ತೀರವೇ ಅಲ್ಲ.

ಇನ್ನು ಸಾಲಿನ ವಿಷಯ. ಎದುರುಸಾಲು ಬೇಡ ಎಂದು ನಾನು ಹಠ ಹಿಡಿದದ್ದಕ್ಕೆ ಹಣವೊಂದೇ ಕಾರಣವಲ್ಲ. ಎರಡು ವರ್ಷಗಳ ಹಿಂದೆ ಒಂದು ಪ್ರಯೋಗ ಮಾಡಿದ್ದೆ. ಒಂದೇ ಪೊಟ್ಟಣದ ಹೊಸ ಕಬ್ಬಿಣದ ಮೊಳೆಗಳನ್ನು ಎಣ್ಣೆ ಹೋಗುವಂತೆ ಸೋಪಿನಲ್ಲಿ ತೊಳೆದು, ಒರೆಸಿ, ಎದುರುಸಾಲಿನಲ್ಲಿ ತಂಗಿದ್ದ ಸ್ನೇಹಿತರ ಬಾಲ್ಕನಿಯಲ್ಲಿ ನಾಲ್ಕನ್ನೂ ಮೂರನೆಯ ಸಾಲಿನ ನಮ್ಮ ಕಿಟಕಿಯ ಹೊರಗೆ ನಾಲ್ಕನ್ನೂ ಬಿಳಿಕಾಗದದ ಮೇಲೆ ಇಟ್ಟೆವು. ಮರುದಿನ ಬೆಳಿಗ್ಗೆಯೇ ಅವರ ಕಾಗದದ ಮೇಲೆ ಮೊಳೆಯ ಆಕಾರದ ಕಿತ್ತಳೆ ಕಲೆ ಮೂಡಿತ್ತು. ನಮ್ಮ ಮೊಳೆಗಳ ತಲೆಯ ಅಂಚಿನಲ್ಲಿ ಚುಕ್ಕೆ ಕಾಣಿಸಿದ್ದು ಮೂರನೆಯ ದಿನ ಸಂಜೆ. ಒಡೆಯುವ ಅಲೆಯಿಂದ ಹಾರುವ ಉಪ್ಪಿನ ಹನಿಗಳು ಮೊದಲ ಕೆಲವು ನೂರು ಮೀಟರಿನೊಳಗೇ ಬಹುಪಾಲು ಕೆಳಗಿಳಿದುಬಿಡುತ್ತವೆ. ಎದುರುಸಾಲಿನಲ್ಲಿ ಎ.ಸಿ. ಗುರುಗುಟ್ಟುವುದು, ಬೀಗ ಬಿಗಿಯುವುದು, ಹಾಸಿಗೆ ಜಿಗುಟಾಗುವುದು ಇದರಿಂದಲೇ.

ಸದ್ದನ್ನೂ ಫೋನಿನಲ್ಲಿ ಅಳೆದೆ. ಫೋನಿನ ಅಳತೆ ಅಷ್ಟು ನಿಖರವಲ್ಲ, ಹೋಲಿಕೆಗೆ ಸಾಕು. ಒಂದೇ ಬಿಂದುವಿನಿಂದ ಹೊರಡುವ ಸದ್ದು, ಉದಾಹರಣೆಗೆ ಜನರೇಟರಿನದು ಅಥವಾ ಧ್ವನಿವರ್ಧಕದ್ದು, ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ತೀರದುದ್ದಕ್ಕೂ ಒಡೆಯುವ ಅಲೆಗಳ ಸದ್ದು ಸಾಲಾಗಿ ಹೊರಡುವುದರಿಂದ ಸುಮಾರು 3 ಡೆಸಿಬೆಲ್ ಅಷ್ಟೇ ಇಳಿಯುತ್ತದೆ. ಹಾಗಾಗಿ ಮೂರನೆಯ ಸಾಲಿನ ಮೇಲಂತಸ್ತಿನಲ್ಲಿ ತೀರದ ಧ್ವನಿವರ್ಧಕ ಕೇಳಿಸಲಿಲ್ಲ, ಅಲೆಯ ಸದ್ದು ರಾತ್ರಿಯಿಡೀ ಕೇಳಿಸುತ್ತಿತ್ತು. ಕಡಲು ಕಾಣದ ಕೋಣೆ ಎಂದಿದ್ದ ಭಾವ ಮೊದಲ ರಾತ್ರಿ ಕಿಟಕಿ ತೆರೆದಿಟ್ಟೇ ಮಲಗಿದರು.

ಕೋಣೆ ಆರಿಸುವಾಗ ನಾನು ಕೇಳುವುದು ಮೂಲೆಯ ಕೋಣೆಯನ್ನು, ಎರಡು ಗೋಡೆಗೆ ಕಿಟಕಿಯಿರುವುದನ್ನು. ಹಗಲು ನೆಲ ಕಾದಂತೆ ಗಾಳಿ ಕಡಲಿನಿಂದ ಬೀಸತೊಡಗಿ ಮಧ್ಯಾಹ್ನದ ಬಳಿಕ ಜೋರಾಗುತ್ತದೆ. ರಾತ್ರಿ ನೆಲ ತಣಿದ ಮೇಲೆ ಅದು ತಿರುಗಿ ನೆಲದಿಂದ ಕಡಲಿನ ಕಡೆಗೆ ಬೀಸುತ್ತದೆ. ಕಡಲಿನ ಕಡೆಗಷ್ಟೇ ಕಿಟಕಿಯಿರುವ ದುಬಾರಿ ಕೋಣೆಯಲ್ಲಿ ನಡುರಾತ್ರಿ ಉಸಿರುಕಟ್ಟಿದಂತಾಗುವುದು ಇದಕ್ಕೇ. ಪಶ್ಚಿಮಕ್ಕೆ ತೆರೆದ ತೀರವಾದರೆ ಕಡಲಬದಿಯ ಗೋಡೆ ಸಂಜೆಯವರೆಗೂ ಬಿಸಿಲು ಕುಡಿದು ರಾತ್ರಿ ಹತ್ತರವರೆಗೂ ಬಿಸಿಯಾಗಿಯೇ ಇರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಬೇಕು. ಲಿಫ್ಟಿನ ಪಕ್ಕ, ಅಡುಗೆಮನೆಯ ಮೇಲೆ, ಜನರೇಟರಿನ ಬದಿ ಈ ಮೂರನ್ನು ಬಿಟ್ಟು ಕೊಡಿ ಎಂದು ಫೋನಿನಲ್ಲೇ ಹೇಳುತ್ತೇನೆ. ಫೋನ್ ಮಾಡುವುದು ಮಧ್ಯಾಹ್ನ ಮೂರರ ಹೊತ್ತಿಗೆ, ಹಳಬರು ಹೋಗಿ ಹೊಸಬರು ಬಂದಾದ ಮೇಲೆ ರಿಸೆಪ್ಶನ್ನಿನವರಿಗೆ ಮಾತಾಡಲು ಪುರುಸೊತ್ತಿರುವಾಗ. ಆ ಕರೆಯಲ್ಲಿ ನಾನು ಕೇಳುವ ಇನ್ನೊಂದು ಪ್ರಶ್ನೆಯಿದೆ. ಅದಕ್ಕೆ ಬರುವ ಉತ್ತರದಿಂದಲೇ ಹೋಟೆಲಿನ ಬಗ್ಗೆ ನನ್ನ ತೀರ್ಮಾನ ಮುಗಿದುಹೋಗುತ್ತದೆ, ಆದರೆ ಎಲ್ಲರೂ ಕೇಳತೊಡಗಿದರೆ ಉತ್ತರ ಬಾಯಿಪಾಠವಾಗಿಬಿಡುತ್ತದೆ ಎಂಬ ಕಾರಣಕ್ಕೆ ಅದನ್ನು ಇಲ್ಲಿ ಬರೆಯುವುದಿಲ್ಲ.

ಹಣದ ಪಾಠ ನಾಲ್ಕನೆಯ ಸೋಲಿನಿಂದ ಬಂತು. ರದ್ದು ಮಾಡಿದರೆ ಹಣ ಹಿಂದಿರುಗದ ದರ ನೂರಕ್ಕೆ ಹನ್ನೆರಡರಷ್ಟು ಅಗ್ಗವೆಂದು ಎರಡು ತಿಂಗಳ ಮೊದಲೇ ಪೂರ್ತಿ ಕಟ್ಟಿಬಿಟ್ಟೆ. ಹೊರಡುವ ಹಿಂದಿನ ದಿನ ಮಗಳಿಗೆ ಜ್ವರ ಏರಿತು ಮತ್ತು ಕಟ್ಟಿದ್ದಷ್ಟೂ ಹೋಯಿತು. ಹನ್ನೆರಡನ್ನು ಉಳಿಸಲು ಹೋಗಿ ಎಂಬತ್ತೆಂಟನ್ನು ಕಳೆದುಕೊಂಡ ಆ ನೋವು ಇನ್ನೂ ಆರಿಲ್ಲ. ಅದಾದ ಮೇಲೆ ಒಂದೇ ಹೋಟೆಲಿನ ಒಂದೇ ಬಗೆಯ ಕೋಣೆಯ ದರವನ್ನು ಆರು ವಾರ ಬೆಳಿಗ್ಗೆ, ಸಂಜೆ ಬರೆದಿಟ್ಟೆ. ಬಹುಕಾಲ ಅದು ಅಲುಗಲೇ ಇಲ್ಲ. ಉಚಿತವಾಗಿ ರದ್ದು ಮಾಡುವ ಗಡುವು ಮುಗಿಯುವ ಎರಡು ದಿನಗಳಲ್ಲಿ, ಸುಮ್ಮನೆ ಹಿಡಿದಿಟ್ಟಿದ್ದವರೆಲ್ಲ ಬಿಟ್ಟಾಗ, ಐದರಲ್ಲಿ ಒಂದು ಭಾಗದಷ್ಟು ಕುಸಿಯಿತು, ಮತ್ತೆ ಮೂರೇ ದಿನಕ್ಕೆ ಏರಿತು. ಈ ಸಲ ನಾನು ಮೊದಲೇ ರದ್ದಾಗಬಲ್ಲ ದರದಲ್ಲಿ ಹಿಡಿದಿಟ್ಟು, ಆ ಎರಡು ದಿನಗಳಲ್ಲಿ ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿದೆ. ಬರುವುದು ಭಾನುವಾರ ಸಂಜೆ, ಹೊರಡುವುದು ಶುಕ್ರವಾರ ಬೆಳಿಗ್ಗೆ ಎಂದು ಇಟ್ಟುಕೊಂಡದ್ದರಿಂದ ವಾರಾಂತ್ಯದ ದರ ಒಂದು ರಾತ್ರಿಗೂ ತಾಗಲಿಲ್ಲ.

ಹೋಟೆಲಿಗೆ ನೇರವಾಗಿ ಮಾತಾಡಿದರೆ ಕಡಿಮೆ ಮಾಡುತ್ತಾರೆಯೇ ಎಂದು ಹಲವರು ಕೇಳುತ್ತಾರೆ. ಬುಕಿಂಗ್ ಆ್ಯಪ್‌ಗಳಿಗೆ ಅವರು ಕಮಿಷನ್ ಕೊಡಬೇಕಾಗಿರುವುದರಿಂದ ಕೊಸರಲು ಜಾಗವಿದ್ದೇ ಇರುತ್ತದೆ. ನನ್ನ ಅನುಭವದಲ್ಲಿ ದರ ಇಳಿಸಿ ಎಂದರೆ ಅವರು ಬಿಗಿಯಾಗುತ್ತಾರೆ. ಅದೇ ದರಕ್ಕೆ ಬೆಳಗಿನ ತಿಂಡಿ, ಒಂದು ಹೆಚ್ಚುವರಿ ಹಾಸಿಗೆ, ಹೊರಡುವ ದಿನ ಮೂರು ಗಂಟೆ ತಡವಾದ ಚೆಕ್‌ಔಟ್ ಕೇಳಿದರೆ ಸುಲಭವಾಗಿ ಒಪ್ಪುತ್ತಾರೆ. ಒಂಬತ್ತು ಮಂದಿಯ ತಿಂಡಿಯೆಂದರೆ ಐದು ದಿನಕ್ಕೆ ಒಂದು ಕೋಣೆಯ ಒಂದು ರಾತ್ರಿಯ ಬಾಡಿಗೆಗಿಂತ ಹೆಚ್ಚಾಗುತ್ತಿತ್ತು.

ಇಷ್ಟಾದರೂ ದೂರದಿಂದ ತಿಳಿಯಲಾಗದ ಸಂಗತಿಯೊಂದು ಉಳಿದೇ ಇದೆ, ಅದು ಬಚ್ಚಲಿನ ನೀರು. ತೀರದೂರುಗಳ ಕೊಳವೆಬಾವಿಗೆ ಬೇಸಿಗೆಯಲ್ಲಿ ಉಪ್ಪು ನುಗ್ಗುತ್ತದೆ, ಆಗ ಸೋಪು ಎಷ್ಟು ಉಜ್ಜಿದರೂ ನೊರೆ ಬಾರದೆ ಮೈಮೇಲೆ ಬಿಳಿ ಪೊರೆಯಾಗಿ ನಿಲ್ಲುತ್ತದೆ. ಅನಿಸಿಕೆಗಳಲ್ಲಿ ‘ಕೂದಲು’ ಎಂಬ ಪದವನ್ನು ಹುಡುಕಿ ನೋಡುತ್ತೇನೆ, ಕೆಲವೊಮ್ಮೆ ಸುಳಿವು ಸಿಗುತ್ತದೆ, ಹಲವು ಸಲ ಸಿಗುವುದಿಲ್ಲ. ಆದ್ದರಿಂದ ಐದು ರಾತ್ರಿಗಳನ್ನು ಒಂದೇ ಬುಕಿಂಗ್ ಆಗಿ ಮಾಡದೆ, ಎರಡು ರಾತ್ರಿಗೆ ಒಂದು, ಉಳಿದ ಮೂರಕ್ಕೆ ರದ್ದಾಗಬಲ್ಲ ಇನ್ನೊಂದು ಎಂದು ಮಾಡಿಕೊಂಡಿದ್ದೆ. ಒಳಗೆ ಕಾಲಿಟ್ಟ ಐದು ನಿಮಿಷದಲ್ಲೇ ನಲ್ಲಿ ತಿರುಗಿಸಿ ಕೈಯಲ್ಲಿ ಸೋಪು ತಿಕ್ಕಿ ನೋಡಿದೆ. ನೊರೆ ಮೊಣಕೈವರೆಗೂ ಬಂತು. ಎರಡನೆಯ ಬುಕಿಂಗನ್ನು ರದ್ದು ಮಾಡಬೇಕಾಗಲಿಲ್ಲ. ಮುಂದಿನ ವರ್ಷಕ್ಕೆ ಭಾವ ಈಗಲೇ ಆ ಹೋಟೆಲಿನ ಫೋನ್ ನಂಬರ್ ಕೇಳಿ ಬರೆದುಕೊಂಡಿದ್ದಾರೆ; ಕೋಣೆಯ ನಂಬರನ್ನು ಮಾತ್ರ ನಾನಿನ್ನೂ ಕೊಟ್ಟಿಲ್ಲ.