ಒಂದು ಸೀರೆಯ ನೂಲು ಲಕ್ಕುಂಡಿ ಮುಟ್ಟುತ್ತದಾ?

ಮೂರು ವರ್ಷದ ಹಿಂದೆ ಒಂಬತ್ತನೇ ತರಗತಿಯ ಪ್ರಾಜೆಕ್ಟ್ ಫೈಲುಗಳನ್ನು ತಿದ್ದಲು ಕೂತಿದ್ದೆ. ಹನ್ನೊಂದು ಫೈಲುಗಳಲ್ಲಿ ಒಂದೇ ಚಿತ್ರ, ಒಂದೇ ವಾಕ್ಯ, ಒಂದೇ ಕಾಗುಣಿತದ ತಪ್ಪು. ಜೆರಾಕ್ಸ್ ಅಂಗಡಿಯವನು ಪ್ರಿಂಟ್ ತೆಗೆದು ಬಣ್ಣದ ರಟ್ಟು ಹಾಕಿ ಕೊಟ್ಟಿದ್ದ. ಮಾರ್ಕ್ಸ್ ಅವನಿಗೇ ಹಾಕಬೇಕಿತ್ತು, ಅಲ್ವಾ? ಮಕ್ಕಳನ್ನು ಬೈಯಲು ಬಾಯಿ ಬರಲಿಲ್ಲ. 'ಪರಿಸರ ಮಾಲಿನ್ಯ' ಅಂತ ವಿಷಯ ಬರೆದುಕೊಟ್ಟವನು ನಾನೇ.

ಮುಂದಿನ ವರ್ಷ ವಿಷಯ ಕೊಡುವುದನ್ನೇ ಬಿಟ್ಟೆ. ಪ್ರಶ್ನೆ ನಿಮ್ಮದೇ ಇರಲಿ, ಉತ್ತರ ಮೊಬೈಲಿನಲ್ಲಿ ಸಿಗಬಾರದು ಎಂದೆ. ಒಂದು ಹಾಳೆಯಲ್ಲಿ ಪ್ರಶ್ನೆ ಏನು, ಯಾರನ್ನು ಕೇಳ್ತೀರಿ, ಏನನ್ನು ಎಣಿಸ್ತೀರಿ ಅಥವಾ ಅಳೀತೀರಿ, ಯಾವಾಗ ಮುಗಿಸ್ತೀರಿ ಎಂದು ಬರೆದು ತರಬೇಕು. ನಾನು ಸಹಿ ಹಾಕಿದ ಮೇಲೆಯೇ ಕೆಲಸ ಶುರು. ಶನಿವಾರ ಬೆಳಗಿನ ಕೊನೆಯ ಪಿರಿಯಡ್ ಇದಕ್ಕೇ ಮೀಸಲು.

ಮೊದಲ ಹಾಳೆಗಳೆಲ್ಲ ಆನೆ ಗಾತ್ರದವು. ಒಬ್ಬನಿಗೆ ಕಪ್ಪತಗುಡ್ಡದ ಔಷಧಿ ಗಿಡಗಳೆಲ್ಲ ಬೇಕಿತ್ತು. ನಿಮ್ಮ ಅಜ್ಜಿ ಬಳಸುವ ಮೂರು ಗಿಡ ಸಾಕು ಎಂದೆ. ಮುಖ ಸಣ್ಣದು ಮಾಡಿಕೊಂಡ. ಕೆಲಸ ಮಾತ್ರ ಮುಗಿಸಿದ.

ಒಂದು ಕಡೆ ನಾನೇ ಎಡವಿದೆ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳು ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊಲದಿಂದ ಕೆರೆಗೆ ವಾಪಸ್ ಬರುತ್ತವೆ ಎಂದು ಒಬ್ಬ ಹುಡುಗ ಕೇಳಿದ್ದ. ಅವನ ಅತ್ತೆಯ ಮನೆ ಅಲ್ಲೇ. ಪ್ರಶ್ನೆ ಚಂದ ಇತ್ತು, ಖುಷಿಯಿಂದ ಸಹಿ ಹಾಕಿದೆ. ಆಗ ಜುಲೈ. ಹಿಮಾಲಯದಾಚೆಯಿಂದ ಚಳಿಗಾಲಕ್ಕೆ ಬರುವ ಹಕ್ಕಿ ಜುಲೈನಲ್ಲಿ ಎಲ್ಲಿಂದ ಬರಬೇಕು? ಎರಡು ಭಾನುವಾರ ಖಾಲಿ ಕೆರೆ ನೋಡಿ ಬಂದು, "ಸರ್ರ, ಒಂದ ಹಕ್ಕಿನೂ ಇಲ್ರಿ" ಅಂದ. ಅವನ ಗಡುವನ್ನು ಡಿಸೆಂಬರ್‌ಗೆ ತಳ್ಳಿದೆ. ಅಂದಿನಿಂದ ಹಾಳೆಯಲ್ಲಿ 'ಇದು ಯಾವ ತಿಂಗಳಲ್ಲಿ ಸಿಗುತ್ತದೆ?' ಎಂಬ ಸಾಲೂ ಸೇರಿದೆ.

ಗದಗಕ್ಕೆ ಅಂಟಿಕೊಂಡ ಬೆಟಗೇರಿಯ ನೇಕಾರರ ಮನೆಯ ಹುಡುಗಿಯ ಪ್ರಶ್ನೆ ಹೀಗಿತ್ತು: ಅಪ್ಪ ನೇಯುವ ಒಂದು ಸೀರೆಯ ಹೊಕ್ಕಿನ ನೂಲು (ಅಗಲಕ್ಕೆ ಹೋಗುವ ಎಳೆ) ಬಿಚ್ಚಿ ಉದ್ದಕ್ಕೆ ಹಾಸಿದರೆ ಎಲ್ಲಿಗೆ ಮುಟ್ಟುತ್ತದೆ?

ರಟ್ಟಿನಲ್ಲಿ ಒಂದು ಇಂಚಿನ ಚೌಕ ಕೊರೆದಳು. ಅದನ್ನು ಬಟ್ಟೆಯ ಮೇಲಿಟ್ಟು, ಭೂತಗನ್ನಡಿ ಹಿಡಿದು, ಸೂಜಿ ಮೊನೆಯಿಂದ ಎಳೆ ಎಣಿಸಿದಳು. ಮೊದಲು ಒಂದೇ ಕಡೆ ಎಣಿಸಿ ತಂದಿದ್ದಳು: 58. ಇನ್ನೆರಡು ಕಡೆ ನೋಡು ಅಂದೆ. 62, 60 ಬಂತು. ಸರಾಸರಿ 60. ಸೀರೆ 216 ಇಂಚು ಉದ್ದ, ಅಂದರೆ 12,960 ಎಳೆ. ಅಗಲ 48 ಇಂಚು. ಲೆಕ್ಕ ಹಾಕಿದರೆ ಸುಮಾರು 15.8 ಕಿಲೋಮೀಟರ್. ಗದಗದಿಂದ ಲಕ್ಕುಂಡಿ ಹನ್ನೆರಡು ಕಿಲೋಮೀಟರ್ ಆಸುಪಾಸು. "ಲಕ್ಕುಂಡಿ ದಾಟೇತ್ರಿ ಸರ್ರ!" ಅಂತ ಕೂಗಿದಳು. ನನಗೂ ಮೈ ಜುಂ ಅಂತು.

ಮರುದಿನ ಅವರ ಮನೆಗೆ ಹೋದೆ. ಅವರಪ್ಪ ಲಾಳಿ ನಿಲ್ಲಿಸಿ ಹಾಳೆ ನೋಡಿ ನಕ್ಕರು. "ಲೆಕ್ಕ ಕಮ್ಮಿ ಆತ್ರಿ ಸರ್ರ. ನೂಲು ನೆಟ್ಟಗ ಎಲ್ಲಿ ಹೋಗತೈತ್ರಿ? ಹಾಸಿನ ಮ್ಯಾಲ, ಕೆಳಗ ಏರಿಳಕೊಂತ ಹೋಗತೈತಿ." ಹಾಸು ಅಂದರೆ ಸೀರೆಯ ಉದ್ದಕ್ಕೆ ಹೋಗುವ ಎಳೆ. ಹೊಕ್ಕಿನ ಈ ಏರಿಳಿತ ಗಣಿತ ಮಾಸ್ತರನಾದ ನನಗೆ ಹೊಳೆದೇ ಇರಲಿಲ್ಲ. ಹುಡುಗಿ ಹತ್ತು ಇಂಚು ಅಗಲದ ತುಂಡು ಬಟ್ಟೆಯಿಂದ ಒಂದು ಎಳೆ ಎಳೆದು, ಸ್ಕೇಲಿನ ಮೇಲೆ ನೆಟ್ಟಗೆ ಹಿಡಿದಳು. ಹತ್ತೂವರೆ ಇಂಚು! ನೂರಕ್ಕೆ ಐದು ಜಾಸ್ತಿ. ಹಳೆಯ ಉತ್ತರವನ್ನು ಅಳಿಸದೆ, ಅದರ ಕೆಳಗೇ 16.6 ಎಂದು ಬರೆದಳು. ಅಳಿಸಬೇಡ ಅಂತ ನಾನೇನೂ ಹೇಳಿರಲಿಲ್ಲ.

ಫೈಲು ಮಾತ್ರ ನೋಡಲು ಸುಮಾರಾಗಿತ್ತು. ಎಣ್ಣೆ ಕಲೆ, ಅಂಟಿಸಿದ ನೂಲಿನ ತುಂಡುಗಳು. ಕೆಲವು ಪಾಲಕರು ಬಣ್ಣದ ರಟ್ಟು ಬೇಡವಾ ಎಂದು ಈಗಲೂ ಕೇಳುತ್ತಾರೆ.

ಹಾಸಿನ ಲೆಕ್ಕ ಬಾಕಿ ಉಳಿದಿತ್ತು. ಈ ವರ್ಷ ಅವಳ ತಮ್ಮ ಹಿಡಿದಿದ್ದಾನೆ.